ಕಟ್ಟಿನಲ್ಲಿ ಉಳಿದ ಲೆಕ್ಕ

ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್, ಕೆರಳುವ ಕರುಳಿನ ತೊಂದರೆ) ಎಂದು ವೈದ್ಯರು ಹೇಳಿದ ಮೇಲೆ ಮಾತ್ರೆಯ ಜೊತೆಗೆ ಒಂದು ಮನೆಗೆಲಸವೂ ಸಿಗುತ್ತದೆ: ತಿಂದದ್ದು, ನೋವು, ಹೊಟ್ಟೆ ಉಬ್ಬರ, ಕಕ್ಕಸಿಗೆ ಹೋದ ಹೊತ್ತು, ಎಲ್ಲವನ್ನೂ ಬರೆದಿಡಬೇಕು. ಇದು ಸರಿಯಾದ ಸಲಹೆಯೇ. ಈ ಕಾಯಿಲೆ ಸ್ಕ್ಯಾನಿಂಗಿನಲ್ಲಿ ಕಾಣುವುದಿಲ್ಲ. ಇದನ್ನು ಗುರುತಿಸುವ 2016ರ ರೋಮ್-4 ಮಾನದಂಡವೂ ರೋಗಿಯ ಮಾತನ್ನೇ ಆಧರಿಸಿದೆ: ಮೂರು ತಿಂಗಳಿಂದ ವಾರಕ್ಕೊಂದು ದಿನವಾದರೂ ಹೊಟ್ಟೆನೋವು, ಜೊತೆಗೆ ಮಲವಿಸರ್ಜನೆಯೊಂದಿಗೆ ಅದರ ನಂಟು, ಎಷ್ಟು ಸಲ ಎನ್ನುವುದರಲ್ಲಿ ಬದಲಾವಣೆ, ಮಲದ ರೂಪದಲ್ಲಿ ಬದಲಾವಣೆ, ಈ ಮೂರರಲ್ಲಿ ಎರಡಾದರೂ. ಆದರೆ ಚಾಲ್ತಿಯಲ್ಲಿರುವ ದಿನಚರಿಯ ಮಾದರಿ ಮೈಸೂರು ಜಿಲ್ಲೆಯ ನಮ್ಮ ಕವಲಂದೆ ಕಡೆಯ ಊಟಕ್ಕೆ ಎಷ್ಟು ಹೊಂದುತ್ತದೆ?

ಮೊದಲು ಅದರ ಗುಣ. 1997ರಲ್ಲಿ ಪ್ರಕಟವಾದ ಬ್ರಿಸ್ಟಲ್ ಪಟ್ಟಿ ಮಲವನ್ನು ಗಟ್ಟಿ ಉಂಡೆಯಿಂದ ನೀರಿನವರೆಗೆ ಏಳು ಬಗೆಯಾಗಿ ವಿಂಗಡಿಸುತ್ತದೆ. ವೈದ್ಯರೆದುರು ಹೇಳಲು ನಾಚುವವರು ಒಂದು ಅಂಕಿ ಬರೆದರೆ ಸಾಕು. ಎಷ್ಟು ಸಲ ಹೋದರು ಎನ್ನುವುದಕ್ಕಿಂತ ಈ ಅಂಕಿಯೇ ಹೆಚ್ಚು ತಿಳಿಸುತ್ತದೆ. ಸೊಪ್ಪು, ಕಾಳು, ರಾಗಿ ಉಣ್ಣುವವರು ದಿನಕ್ಕೆರಡು ಸಲ ಹೋದರೆ ಅದು ರೋಗವೇನಲ್ಲ.

ದಿನಚರಿ ಎಡವುವುದು ಕಾರಣ ಹುಡುಕುವಾಗ. ಉಂಡೆದ್ದ ಅರ್ಧ ಗಂಟೆಯಲ್ಲೇ ಕಕ್ಕಸಿಗೆ ಓಡಿದವರು ಆಗ ತಾನೇ ಉಂಡದ್ದನ್ನು ದೂರುತ್ತಾರೆ. ಆದರೆ ಹೊಟ್ಟೆಗೆ ಏನೇ ಬಿದ್ದರೂ ದೊಡ್ಡಕರುಳು ಚುರುಕಾಗುತ್ತದೆ. ಐಬಿಎಸ್ ಇದ್ದ ಹಲವರಲ್ಲಿ ಆ ಚುರುಕು ಅತಿಯಾಗಿರುತ್ತದೆ. ಕಾಳಿನಿಂದ ಹುಟ್ಟುವ ಗ್ಯಾಸು ಹಲವು ಗಂಟೆ ತಡವಾಗಿ ಬರುತ್ತದೆ. ಹೊತ್ತು ಬರೆಯದ ದಿನಚರಿ ರಾತ್ರಿಯ ಹುರುಳಿಯನ್ನು ಬಿಟ್ಟು ಬೆಳಗಿನ ಇಡ್ಲಿಯ ಮೇಲೆ ಗುಮಾನಿ ಪಡುತ್ತದೆ.

ಇದಕ್ಕಿಂತ ದೊಡ್ಡ ಕೊರತೆ ಅಡುಗೆಯ ವಿಧಾನ ಬರೆಯದಿರುವುದು. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಫಾಡ್‌ಮ್ಯಾಪ್ ಪಥ್ಯ, ಸಣ್ಣಕರುಳಿನಲ್ಲಿ ಸರಿಯಾಗಿ ಹೀರಿಕೆಯಾಗದೆ ದೊಡ್ಡಕರುಳಿನಲ್ಲಿ ಹುದುಗುವ ಸಕ್ಕರೆಗಳನ್ನು ಕಡಿಮೆ ಮಾಡುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಕಾಳು, ಹಾಲು ಅದರ ಪಟ್ಟಿಯಲ್ಲಿವೆ. ಕಾಳಿನ ಈ ಸಕ್ಕರೆ ನೀರಿನಲ್ಲಿ ಕರಗುತ್ತದೆ. ನೆನೆಸಿದ, ಬೇಯಿಸಿದ ನೀರು ಚೆಲ್ಲಿದರೆ ಒಂದು ಪಾಲು ಹೋಗುತ್ತದೆ. ನಮ್ಮಲ್ಲಿ ಆ ನೀರನ್ನು ಚೆಲ್ಲುವವರು ಯಾರು? ಬಸಿದ ಕಟ್ಟೇ ಬಸ್ಸಾರು, ಉಪ್ಸಾರು. ಕಾಳು ಆಗದೆಂದು ಪಲ್ಯ ಸರಿಸಿ ಮುದ್ದೆಗೆ ಬಸ್ಸಾರು ಬಿಟ್ಟುಕೊಂಡವರು ಬಿಡಬೇಕಾದದ್ದರ ಒಂದು ಪಾಲನ್ನು ಉಂಡೇ ಇರುತ್ತಾರೆ. ಮೇಲೆ ರುಬ್ಬಿ ಹಾಕಿದ ಈರುಳ್ಳಿ, ಬೆಳ್ಳುಳ್ಳಿ ಬೇರೆ. ‘ಮುದ್ದೆ, ಸಾರು’ ಎಂದಷ್ಟೇ ಬರೆದ ಪುಟದಲ್ಲಿ ಇದಾವುದೂ ಇಲ್ಲ. ಆದರೆ ಅಡುಗೆಯಲ್ಲೇ ದಾರಿಯೂ ಇದೆ: ಬೆಳ್ಳುಳ್ಳಿಯ ಸಕ್ಕರೆ ಎಣ್ಣೆಗೆ ಇಳಿಯುವುದಿಲ್ಲ. ಒಗ್ಗರಣೆಯ ಎಣ್ಣೆಯಲ್ಲಿ ಎಸಳು ಬಾಡಿಸಿ, ನೀರು ಬೀಳುವ ಮೊದಲೇ ತೆಗೆದರೆ ಘಮ ಉಳಿಯುತ್ತದೆ. ಪಟ್ಟಿ ‘ಬೇಡ’ ಎಂದದ್ದನ್ನು ಅಡುಗೆಯ ಕೈ ಹೀಗೆ ಒಗ್ಗಿಸಿಕೊಳ್ಳಬಲ್ಲದು.

ಪಥ್ಯದ ಮೊದಲ ಹಂತ ಎರಡರಿಂದ ಆರು ವಾರ ಮಾತ್ರ. ಆಮೇಲೆ ಒಂದೊಂದೇ ಪದಾರ್ಥವನ್ನು ಅಳತೆಯಲ್ಲಿ ಮರಳಿ ತಿಂದು ನೋಡಬೇಕು. ಹಲವರು ಇಲ್ಲಿಗೆ ಬರುವುದೇ ಇಲ್ಲ. ಬಿಟ್ಟದ್ದು ಬಿಟ್ಟೇ ಹೋಗುತ್ತದೆ. ಅವರೆಕಾಳಿನ ಕಾಲದಲ್ಲಿ ಮನೆಯವರೆಲ್ಲ ಹಿತಕಿದ ಬೇಳೆ ಸಾರು ಉಣ್ಣುವಾಗ ಒಬ್ಬರ ತಟ್ಟೆಯಲ್ಲಿ ಬರೀ ಮೊಸರನ್ನ. ಹಾಗೆ ವರ್ಷಗಟ್ಟಲೆ ಬಿಟ್ಟರೆ ಪೋಷಣೆ ಸೊರಗುತ್ತದೆ, ಊಟವೆಂದರೆ ಭಯವಾಗುತ್ತದೆ. ಕರುಳು ಮತ್ತು ಮಿದುಳಿನ ನಡುವಿನ ತೊಡಕೇ ಆಗಿರುವ ಈ ಕಾಯಿಲೆಗೆ ಆ ಭಯ ಇನ್ನಷ್ಟು ಇಂಬು ಕೊಡುತ್ತದೆ. ನಿದ್ದೆಗೆಟ್ಟ ರಾತ್ರಿ, ಮುಟ್ಟಿನ ದಿನ, ಕಕ್ಕಸಿಲ್ಲದ ದೂರದ ಬಸ್ ಪ್ರಯಾಣದ ಆತಂಕ, ಇವಕ್ಕೂ ದಿನಚರಿಯಲ್ಲಿ ಜಾಗವಿರಬೇಕು.

ಮಲದಲ್ಲಿ ರಕ್ತ, ತೂಕ ಇಳಿಕೆ, ರಕ್ತಹೀನತೆ, ಜ್ವರ, ನಿದ್ದೆಯಿಂದ ಎಬ್ಬಿಸುವ ಭೇದಿ ಕಂಡರೆ ಬರೆಯುತ್ತ ಕೂರುವಂತಿಲ್ಲ. ನಮ್ಮ ದೇಶದಲ್ಲಿ ಇಂಥ ಲಕ್ಷಣ ತೋರುವ ಕರುಳಿನ ಕ್ಷಯವೂ ಇದೆ. ಕೂಡಲೇ ವೈದ್ಯರನ್ನು ಕಾಣಬೇಕು. ಉಳಿದವರಿಗೆ ದಿನಚರಿ ಒಳ್ಳೆಯ ಸಾಧನ, ಆದರೆ ಅದಕ್ಕೆ ಅವಧಿ ಇರಬೇಕು. ಎರಡು ಮೂರು ತಿಂಗಳು ಬರೆದ ಮೇಲೂ ಬಿಟ್ಟ ಒಂದು ಪದಾರ್ಥವಾದರೂ ತಟ್ಟೆಗೆ ಮರಳದಿದ್ದರೆ ಆ ಬರವಣಿಗೆ ನಿಲ್ಲಿಸಿ, ಪುಸ್ತಕವನ್ನು ಆಹಾರತಜ್ಞರಿಗೆ ತೋರಿಸುವುದೇ ಲೇಸು.