ಹಸಿವಿಗೆ ಹಿನ್ನೆಲೆ ಸಂಗೀತ ಬೇಕೆ?

ಬಡತನದ ಬಗ್ಗೆ ಸಿನಿಮಾ ಮಾಡೋದು ಸುಲಭ. ಹರಕು ಬಟ್ಟೆ ತೊಡಿಸಿ, ಮುಖಕ್ಕೆ ಮಸಿ ಬಳಿದು, ಹಿಂದೆ ಪಿಟೀಲು ಕುಯ್ದರಾಯಿತು. ಉಂಡು ಬಂದವರು ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಾರೆ. ಈ ಕಣ್ಣೀರಿನ ವ್ಯಾಪಾರಕ್ಕೆ ಒಪ್ಪದ ಒಬ್ಬನ ಬಗ್ಗೆ ನಾವಿಲ್ಲಿ ಹೇಳಬೇಕು.

ಬಿಲ್ ಡಗ್ಲಸ್ ಹುಟ್ಟಿದ್ದು 1934ರಲ್ಲಿ, ಸ್ಕಾಟ್‌ಲೆಂಡಿನ ಎಡಿನ್‌ಬರೋ ಪಕ್ಕದ ನ್ಯೂಕ್ರೇಗ್‌ಹಾಲ್ ಎಂಬ ಕಲ್ಲಿದ್ದಲು ಗಣಿಯ ಹಳ್ಳಿಯಲ್ಲಿ. ಕಾಸಿಲ್ಲದ ಹುಡುಗ ಖಾಲಿ ಜಾಮ್ ಶೀಸೆ ಕೊಟ್ಟು ಸಿನಿಮಾ ನೋಡುತ್ತಿದ್ದ. ಅದೇ ಹುಡುಗ ಮುಂದೆ ತನ್ನ ಬಾಲ್ಯವನ್ನೇ ಬರೆದು, ತಾನೇ ನಿರ್ದೇಶಿಸಿ ಮೂರು ಚಿತ್ರ ಮಾಡಿದ: ‘ಮೈ ಚೈಲ್ಡ್‌ಹುಡ್’ (1972), ‘ಮೈ ಏನ್ ಫೋಕ್’ (1973), ‘ಮೈ ವೇ ಹೋಮ್’ (1978). ದುಡ್ಡು ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನದು, ಅದೂ ಚಿಲ್ಲರೆ. ಮೂರೂ ಸೇರಿ ಮೂರು ಗಂಟೆಯಾಗೋದಿಲ್ಲ.

ಮೊದಲನೆಯದರಲ್ಲಿ ಜೇಮಿ ಎಂಬ ಹುಡುಗ ಬಟ್ಟಲಿಗೆ ಬಿಸಿನೀರು ಸುರಿಯುತ್ತಾನೆ. ಬಟ್ಟಲು ತುಂಬಿ ನೀರು ಮೇಜಿನ ಮೇಲೆಲ್ಲ ಹರಿಯುತ್ತದೆ. ಇವನಿಗೇನು ಹುಚ್ಚೆ ಅಂದುಕೊಳ್ಳುತ್ತೇವೆ. ಆಮೇಲೆ ನೀರು ಚೆಲ್ಲಿ, ಕಾದ ಬಟ್ಟಲನ್ನು ಅಜ್ಜಿಯ ಕೈಗಿಟ್ಟು, ಅವಳ ಬೆರಳುಗಳನ್ನು ಅದರ ಸುತ್ತ ಮುಚ್ಚುತ್ತಾನೆ. ಅಷ್ಟೇ. ಮಾತಿಲ್ಲ, ಸಂಗೀತವಿಲ್ಲ. ಹಸಿವು, ಚಳಿ ಅಂತ ಹತ್ತು ಸಾಲು ಕೂಗಿ ಬರೆದರೂ ಈ ಬಟ್ಟಲಿನ ಬಿಸಿ ಹುಟ್ಟೋದಿಲ್ಲ ಗೆಳೆಯರೇ.

ಎರಡನೆಯದು ಇನ್ನೂ ಕಠಿಣ. ಪರದೆಯ ತುಂಬ ಬಣ್ಣದ ‘ಲ್ಯಾಸಿ’ ನಾಯಿಯ ಸಿನಿಮಾ. ಮರುಗಳಿಗೆಯೇ ಕಪ್ಪುಬಿಳುಪಿನಲ್ಲಿ ಗಣಿಯೊಳಕ್ಕೆ ಇಳಿಯುವ ತೊಟ್ಟಿಲು. ಅಪ್ಪನ ಕಡೆಯ ಅಜ್ಜಿ ಜೇಮಿಯನ್ನು ಹಿಂಸಿಸುತ್ತಾಳೆ. ದುಡಿಯುವ ಜನರನ್ನು ಹೀಗೆ ಕೆಟ್ಟವರಾಗಿ ತೋರಿಸಬಹುದೆ ಎಂದು ಕೆಲವರು ಕೇಳಬಹುದು. ತೋರಿಸಬೇಕು ಅಂತಲೇ ನಮ್ಮ ವಾದ. ಇಲ್ಲದವರೆಲ್ಲ ದೇವರಂಥವರು ಅನ್ನೋದು ಉಳ್ಳವರು ಕಟ್ಟಿದ ಕತೆ. ಕಿತ್ತು ತಿನ್ನುವ ಬದುಕು ಮನುಷ್ಯರ ಪ್ರೀತಿಯನ್ನೂ ಕಿತ್ತುಕೊಳ್ಳುತ್ತದೆ. ಡಗ್ಲಸ್ ಅದನ್ನು ಒಳಗಿನಿಂದ ಬಲ್ಲ.

ಆಮೇಲಿನದು ‘ಕಾಮ್ರೇಡ್ಸ್’ (1986). ಟೋಲ್‌ಪಡಲ್ ಎಂಬ ಹಳ್ಳಿಯ ಆರು ಮಂದಿ ಹೊಲಗೆಲಸದವರ ಕಥೆ. ವಾರಕ್ಕೆ 7 ಶಿಲಿಂಗಿದ್ದ ಕೂಲಿಯನ್ನು 6ಕ್ಕೆ ಇಳಿಸಲು ಹೊರಟಾಗ ಸಂಘ ಕಟ್ಟಿದರು. ಸಂಘ ಕಟ್ಟೋದು ಕಾನೂನಿನಲ್ಲಿ ತಪ್ಪಲ್ಲ! ಅದಕ್ಕೇ ಗುಟ್ಟಾಗಿ ಆಣೆ ಮಾಡಿದರೆಂಬ ನೆಪ ಹುಡುಕಿ, 1834ರಲ್ಲಿ ಏಳು ವರ್ಷದ ಶಿಕ್ಷೆ ಕೊಟ್ಟು ಆಸ್ಟ್ರೇಲಿಯಾಕ್ಕೆ ಸಾಗಿಸಿದರು. ಜನ ಬೀದಿಗಿಳಿದ ಮೇಲೆ 1836ರಲ್ಲಿ ಕ್ಷಮೆ ಸಿಕ್ಕಿತು. ಡಗ್ಲಸನ ಕಿಡಿಗೇಡಿತನ ನೋಡಿ: ಧಣಿಗಳ ಪಾತ್ರಕ್ಕೆ ಹೆಸರಾಂತ ನಟರು, ಕೂಲಿಯವರ ಪಾತ್ರಕ್ಕೆ ಆಗಿನ್ನೂ ಅಷ್ಟು ಹೆಸರಿಲ್ಲದವರು. ಆದರೂ ಮೂರು ಗಂಟೆಯ ಈ ಚಿತ್ರ ಆಸ್ಟ್ರೇಲಿಯಾ ಮುಟ್ಟಿದ ಮೇಲೆ ಚೆದುರಿಹೋಗುತ್ತದೆ. ಮಾಯಾದೀಪದವನೊಬ್ಬ ಹತ್ತಾರು ವೇಷದಲ್ಲಿ ಮತ್ತೆ ಮತ್ತೆ ಬರುವುದು ನಮಗೆ ಅತಿಯೆನಿಸಿತು. ಬಟ್ಟಲು ತೋರಿಸಿದವನಿಗೆ ಇಷ್ಟು ಚಮತ್ಕಾರ ಯಾತಕ್ಕೆ?

ಇಷ್ಟೇ ಅವನ ದೊಡ್ಡ ಕೆಲಸ, ನಾಲ್ಕೇ ಚಿತ್ರ. ಕುರಿ ಕಾಯುತ್ತಲೇ ಲೇಖಕನಾದ ಜೇಮ್ಸ್ ಹಾಗ್‌ನ ಕಾದಂಬರಿಯೊಂದಕ್ಕೆ ಚಿತ್ರಕಥೆ ಬರೆದಿಟ್ಟಿದ್ದ. ಅದು ಚಿತ್ರವಾಗಲಿಲ್ಲ. 1991ರಲ್ಲಿ, 57ನೇ ವಯಸ್ಸಿಗೆ ಸತ್ತ.