ಒಂಟಿ ಮೀನಿಗೆ ಜೋಡಿ ಬೇಕೇ?

‘ಒಂದ ಮೀನ ಉಳದೈತ್ರಿ, ನೋಡಿದ್ರ ಜೀವ ಮರಗತೈತಿ. ಜೋಡಿಗೆ ಇನ್ನೊಂದ ತರ್ಲೇನ್ರಿ?’ ಇಂಡಿ, ಸಿಂದಗಿ ಕಡೆ ಮೀನು ಸಾಕುವವರು ಮೇಲಿಂದ ಮೇಲೆ ಕೇಳುವ ಮಾತಿದು. ಮರುಕ ಒಳ್ಳೆಯದೇ. ಆದರೆ ಅಂಗಡಿಗೆ ಹೋಗುವ ಮೊದಲು, ಉಳಿದ ಮೀನು ಯಾವ ಜಾತಿಯದು ಎಂಬುದನ್ನು ನೋಡಬೇಕು.

ಗಂಡು ಫೈಟರ್‌ಗೆ ಜೋಡಿ ಬೇಡವೇ ಬೇಡ. ಥಾಯ್ಲೆಂಡ್ ಸೀಮೆಯ ಭತ್ತದ ಗದ್ದೆ, ಜೌಗುಗಳಲ್ಲಿ ತನ್ನ ಜಾಗ ಕಾಯ್ದುಕೊಂಡು ಬಾಳುವ ಜಾತಿ ಅದು. ಗಾಜಿನ ಹೊರಗೆ ಅರೆಗಳಿಗೆ ಕನ್ನಡಿ ಹಿಡಿದು ನೋಡಿ. ಕಿವಿರಿನ ಮುಚ್ಚಳ ಅಗಲಿಸಿ, ಕೆಳಗಿನ ಕಪ್ಪು ಪೊರೆಯನ್ನು ಗಡ್ಡದಂತೆ ಇಳಿಬಿಟ್ಟು, ರೆಕ್ಕೆಗಳನ್ನೆಲ್ಲ ಬಿಚ್ಚಿ ಮೈ ಅಡ್ಡಹಾಕಿ ನಿಲ್ಲುತ್ತದೆ. ಗೆಳೆಯ ಬಂದನೆಂಬ ಹಿಗ್ಗು ಅದಲ್ಲ, ಕಾದಾಟದ ತಯಾರಿ. ಹೆಣ್ಣನ್ನು ಬಿಟ್ಟರೂ ಅಷ್ಟೇ, ಮೊಟ್ಟೆಯಾದ ಮೇಲೆ ಗಂಡು ಅದನ್ನು ಅಟ್ಟಾಡಿಸುತ್ತದೆ. ಫ್ಲವರ್‌ಹಾರ್ನ್‌ಗೂ ಒಂಟಿತನವೇ ಸುಖ.

ಜೀಬ್ರಾ ಮೀನಿನ ಸಂಗತಿ ಪೂರಾ ಬೇರೆ. ಇದು ನಮ್ಮ ಉಪಖಂಡದ ಮೀನು. 1800–01ರಲ್ಲಿ ಮೈಸೂರು ಸೀಮೆ ಸುತ್ತಿ ವರದಿ ಬರೆದ ಫ್ರಾನ್ಸಿಸ್ ಬುಕಾನನ್, ಮುಂದೆ ಹ್ಯಾಮಿಲ್ಟನ್ ಎಂಬ ಹೆಸರಿನಲ್ಲಿ 1822ರಲ್ಲಿ ಪ್ರಕಟಿಸಿದ ಗಂಗೆಯ ಮೀನುಗಳ ಗ್ರಂಥದಲ್ಲಿ ಇದನ್ನು ಮೊದಲು ವರ್ಣಿಸಿದ. ಹಿಂಡಿನಲ್ಲಿ ಬಾಳುವ ಈ ಮೀನು ಒಂದೇ ಉಳಿದರೆ ಮೂಲೆ ಹಿಡಿಯುತ್ತದೆ, ರೆಕ್ಕೆ ಮುದುಡಿಕೊಳ್ಳುತ್ತದೆ, ನೆರಳು ಬಿದ್ದರೂ ಬೆಚ್ಚುತ್ತದೆ. ಅದಕ್ಕೆ ಒಂದೇ ಒಂದು ಜೊತೆ ತಂದುಕೊಡುವುದು ತಪ್ಪು ಎಂಬುದೇ ನನ್ನ ಮಾತು. ಎರಡೇ ಇದ್ದಾಗ ಬಲವಾದದ್ದು ಇನ್ನೊಂದನ್ನು ಬೆನ್ನಟ್ಟುತ್ತಲೇ ಇರುತ್ತದೆ. ತಂದರೆ ಐದಾರು ತನ್ನಿ, ಜಗಳ ಹಂಚಿಹೋಗುತ್ತದೆ.

ಗೋಲ್ಡ್‌ಫಿಶ್‌ಗೂ ಸಂಗ ಬೇಕು. ಗುಂಪಿನ ಜೀವಿಗಳನ್ನು ಒಂಟಿಯಾಗಿಡಬಾರದೆಂದು ಸ್ವಿಟ್ಜರ್ಲೆಂಡ್ 2008ರಲ್ಲಿ ಮಾಡಿದ ನಿಯಮ ಇದಕ್ಕೂ ಅನ್ವಯಿಸುತ್ತದೆ. ಆದರೆ ಅದು ಇರುವುದು ಗುಂಡು ಬಟ್ಟಲಿನಲ್ಲಾದರೆ ಮೊದಲು ಬೇಕಾದದ್ದು ಜೋಡಿಯಲ್ಲ, ದೊಡ್ಡ ತೊಟ್ಟಿ. ಮೀನು ಕಿವಿರಿನಿಂದ ಅಮೋನಿಯ ಬಿಡುತ್ತಲೇ ಇರುತ್ತದೆ. ಅದನ್ನು ಅರಗಿಸುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಬೆಳೆಯಲು ವಾರಗಳೇ ಬೇಕು. ಇಕ್ಕಟ್ಟಿನಲ್ಲಿ ಇನ್ನೊಂದನ್ನು ಬಿಟ್ಟರೆ ಎರಡಕ್ಕೂ ಸಂಚಕಾರ.

ನಮ್ಮ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಿರಿ. ನೀರು ಕಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಏಪ್ರಿಲ್–ಮೇದಲ್ಲಿ ಕರೆಂಟು ಹೋಗಿ ಏರ್‌ಪಂಪ್ ನಿಂತರೆ, ಹೊಸ ಮೀನು ಬಂದ ತೊಟ್ಟಿಯೇ ಮೊದಲು ಸಂಕಟಕ್ಕೆ ಬೀಳುತ್ತದೆ. ಅದಕ್ಕೇ ನಾನು ಮಳೆ ಬಿದ್ದು ಹವೆ ತಂಪಾಗುವ ತನಕ ತಡೆಯಿರಿ ಎನ್ನುತ್ತೇನೆ. ಬೋರಿನ ಗಡುಸು ನೀರಿನಲ್ಲಿ ಬೆಳೆದ ಮೀನಿಗೂ ಅಂಗಡಿಯ ನೀರಿನ ಮೀನಿಗೂ ಹೊಂದಿಕೆ ಆಗಬೇಕು. ಹೊಸದನ್ನು ಎರಡು ಮೂರು ವಾರ ಬೇರೆ ಪಾತ್ರೆಯಲ್ಲಿಟ್ಟು, ಬಿಳಿ ಚುಕ್ಕೆ ಕಾಣದಿದ್ದರೆ ಒಳಗೆ ಬಿಡಿ. ಬಿಡುವ ಮೊದಲು ಕಲ್ಲು, ಗಿಡಗಳ ಜಾಗ ಬದಲಿಸಿ, ಹಳೆಯ ಮೀನು ‘ಇದು ನನ್ನದು’ ಎಂದು ಹಿಡಿದಿದ್ದ ಮೂಲೆ ಅಳಿಸಿಹೋಗುತ್ತದೆ. ದೀಪ ಆರಿಸಿ ಬಿಟ್ಟರೆ ಇನ್ನೂ ಒಳ್ಳೆಯದು.

ತೊಟ್ಟಿ ಚಿಕ್ಕದು, ಹಿಂಡು ಸಾಕಲಾಗದು ಎನ್ನುವವರಿಗೆ ಇನ್ನೊಂದು ದಾರಿಯಿದೆ. ಬಸವನ ಬಾಗೇವಾಡಿಯಲ್ಲೋ ಮುದ್ದೇಬಿಹಾಳದಲ್ಲೋ ಅದೇ ಜಾತಿಯ ಹಿಂಡು ಸಾಕಿದವರಿದ್ದರೆ ಒಂಟಿ ಮೀನನ್ನೇ ಅವರಿಗೆ ಕೊಟ್ಟುಬಿಡಿ. ಚೀಲದಲ್ಲಿ ಒಂದು ಪಾಲು ನೀರು, ಎರಡು ಪಾಲು ಗಾಳಿ ಇರಲಿ. ಹಿಂದಿನ ದಿನ ತಿನಿಸು ಹಾಕಬೇಡಿ. ಮುಂಜಾನೆಯ ತಂಪಿನಲ್ಲೇ ಹೊರಡಿ. ಆಲಮಟ್ಟಿ ಹಿನ್ನೀರಿಗೋ ಕಾಲುವೆಗೋ ಬಿಡುವ ಯೋಚನೆ ಮಾತ್ರ ಬೇಡ.