ಬೀರುವಿನೊಳಗೆ ಕೀ ಕೊಡುವ ಮೋಟಾರು

ಅಪ್ಪನ ಎಚ್‌ಎಂಟಿ ಕಾಂಚನ್ ವಾಚನ್ನು ನಾನು ಕಟ್ಟುವುದು ವಾರಕ್ಕೆ ಎರಡೇ ದಿನ. ಬಿಚ್ಚಿಟ್ಟರೆ ಒಂದೂವರೆ ದಿನ ನಡೆದು ನಿಂತುಬಿಡುತ್ತದೆ. ಆಮೇಲೆ ವಾರ, ತಾರೀಕು, ಗಂಟೆ ಎಲ್ಲವನ್ನೂ ಕೂಡಿಸಬೇಕು. ಎಚ್‌ಎಂಟಿಯದೇ ಜನತಾ, ಪೈಲಟ್ ವಾಚುಗಳಿಗಾದರೆ ದಿನಾ ಬೆಳಿಗ್ಗೆ ಕೈಯಲ್ಲೇ ಕೀ ಕೊಟ್ಟರಾಯಿತು. ಕಾಂಚನ್ ಆಟೊಮ್ಯಾಟಿಕ್. ಅದರ ಬೆನ್ನೊಳಗೆ ಅರ್ಧಚಂದ್ರದಂಥ ತೂಕವೊಂದಿದೆ, ರೋಟರ್. ಕೈ ಆಡಿದಂತೆಲ್ಲ ಅದು ತಿರುಗಿ ಸ್ಪ್ರಿಂಗ್ ಬಿಗಿಯುತ್ತದೆ. ಕಿವಿಗೆ ಹಿಡಿದು ಮೆಲ್ಲನೆ ಓರೆ ಮಾಡಿದರೆ ಅದು ಜಾರುವ ಸದ್ದು ಕೇಳುತ್ತದೆ. ಆ ಸದ್ದಿಗಾಗಿಯೇ ನಾನು ಈ ವಾಚನ್ನು ಆಗಾಗ ಕೈಗೆತ್ತಿಕೊಳ್ಳುತ್ತೇನೆ.

ಕಟ್ಟದ ದಿನಗಳಲ್ಲಿ ಕೈಯ ಕೆಲಸ ಮಾಡುವ ಯಂತ್ರಕ್ಕೆ ವಾಚ್ ವೈಂಡರ್ ಎನ್ನುತ್ತಾರೆ. ನನ್ನದಕ್ಕೆ ಸಿಕ್ಕಿದ್ದು ಗುಜರಿಯ ಮೈಕ್ರೊವೇವ್ ಓವನ್ನಿನ ತಟ್ಟೆ ತಿರುಗಿಸುವ ಮೋಟಾರು. ಓವನ್ನನ್ನು ಮಾತ್ರ ನೀವೇ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್ ಜೀವ ತೆಗೆಯುವಷ್ಟು ವಿದ್ಯುತ್ ಹಿಡಿದಿಟ್ಟುಕೊಂಡಿರಬಹುದು. ರಿಪೇರಿಯವರ ಕೈಯಲ್ಲೇ ಬಿಚ್ಚಿಸಿ, ಗಾಜಿನ ತಟ್ಟೆಯಡಿ ಇರುವ ಮೂರು ತೋಳಿನ ಪ್ಲಾಸ್ಟಿಕ್ ತುಂಡನ್ನೂ ಕೇಳಿ ತನ್ನಿ. ಮೋಟಾರಿನ ಕಡ್ಡಿಗೆ ಅದು ಅಚ್ಚುಕಟ್ಟಾಗಿ ಕೂರುತ್ತದೆ. ಅದರ ಮೇಲೊಂದು ಡಬ್ಬಿ, ಡಬ್ಬಿಯೊಳಗೆ ಸ್ಪಂಜು, ಸ್ಪಂಜಿಗೆ ಕಟ್ಟಿದ ವಾಚು. ತೂಕ ನಟ್ಟನಡುವೆ ಬರಬೇಕು. ಮೋಟಾರು 230 ವೋಲ್ಟಿನದಾದರೆ ತಂತಿಯ ಎಲ್ಲ ಜೋಡಣೆಗೂ ಸ್ಲೀವ್ ಹಾಕಿ ಮುಚ್ಚಿದ ಪೆಟ್ಟಿಗೆಯಲ್ಲಿಡಬೇಕು.

ಮೊದಲ ಸಲ ನಾನು ಡಬ್ಬಿಯನ್ನು ಓವನ್ ತಟ್ಟೆಯಂತೆಯೇ ಮಲಗಿಸಿ ತಿರುಗಿಸಿದೆ. ಮೂರನೇ ಬೆಳಿಗ್ಗೆ ನೋಡಿದರೆ ವಾಚು ನಿಂತಿದೆ, ಮೋಟಾರು ತಿರುಗುತ್ತಲೇ ಇದೆ! ರೋಟರ್ ತಿರುಗುವುದು ತನ್ನ ಭಾರದಿಂದ. ವಾಚನ್ನು ಮಲಗಿಸಿ ಸುತ್ತಿಸಿದರೆ ಅದೂ ಜೊತೆಗೇ ಸುತ್ತುತ್ತದೆ. ನಿಲ್ಲಿಸಿ ಸುತ್ತಿಸಿದರೆ ರೋಟರಿನ ಭಾರದ ತುದಿ ಕೆಳಗೇ ತೂಗುತ್ತಿರುತ್ತದೆ, ವಾಚು ಅದರ ಸುತ್ತ ತಿರುಗುತ್ತದೆ. ಸ್ಪ್ರಿಂಗ್ ಬಿಗಿಯುವುದು ಆಗ.

ಕೊಂಡು ತರುವ ವೈಂಡರುಗಳ ಮೆರುಗಿನ ಪೆಟ್ಟಿಗೆ ನೋಡಿ ಮರುಳಾಗಬೇಡಿ. ವೈಂಡರಿನ ಗುಣ ಇರುವುದು ಅದು ಎಷ್ಟು ಹೊತ್ತು ಸುಮ್ಮನಿರುತ್ತದೆ ಎಂಬುದರಲ್ಲಿ. ಬಹುತೇಕ ಆಟೊಮ್ಯಾಟಿಕ್ ವಾಚುಗಳಿಗೆ ದಿನಕ್ಕೆ 650ರಿಂದ 800 ಸುತ್ತು ಸಾಕು. ನನ್ನ ಮೋಟಾರಿನದು ನಿಮಿಷಕ್ಕೆ 5 ಸುತ್ತು. ಹಗಲಿರುಳು ಬಿಟ್ಟರೆ 7,200! ಆಟೊಮ್ಯಾಟಿಕ್ ವಾಚಿನ ಸ್ಪ್ರಿಂಗ್ ತುಂಬಿದ ಮೇಲೆ ಜಾರಿಕೊಳ್ಳುವುದರಿಂದ ಮುರಿಯುವುದಿಲ್ಲ, ನಿಜ. ಆದರೆ ರೋಟರು, ಹಲ್ಲುಚಕ್ರಗಳು ಸುಮ್ಮನೆ ಸವೆಯುತ್ತವೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನೊಂದಿಗೆ ಬೆಂಗಳೂರಿನಲ್ಲಿ ವಾಚು ತಯಾರಿಸಲು ಶುರುಮಾಡಿದ ಎಚ್‌ಎಂಟಿಯ ವಾಚು ವಿಭಾಗವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿತು. ಕಾಂಚನ್‌ನ ಒಂದೊಂದು ಹಲ್ಲುಚಕ್ರವನ್ನೂ ಕಾಪಾಡಿಕೊಳ್ಳಬೇಕಾದ ಕಾಲವಿದು.

ಅದಕ್ಕೇ ಟೈಮರ್ ಪ್ಲಗ್ ಹಾಕಿದ್ದೇನೆ. 15 ನಿಮಿಷದ ಒಂಬತ್ತು ಸರದಿ, ದಿನವಿಡೀ ಹಂಚಿ. ಒಟ್ಟು 675 ಸುತ್ತು. ಈ ಮೋಟಾರಿಗೆ ಇನ್ನೊಂದು ಗುಣವಿದೆ: ಪ್ರತಿ ಸಲ ಶುರುವಾಗುವಾಗ ಎಡಕ್ಕೋ ಬಲಕ್ಕೋ, ತನಗೆ ತೋಚಿದ ಕಡೆ ಹೊರಡುತ್ತದೆ. ಓವನ್ನಿನಲ್ಲಿ ಯಾರೂ ಗಮನಿಸದ ಆ ಗುಣದಿಂದ ಎರಡೂ ದಿಕ್ಕಿನ ಸುತ್ತು ತಾನಾಗಿಯೇ ಸಿಗುತ್ತದೆ. ಕೆಲವು ವಾಚುಗಳ ಯಂತ್ರಗಳು ಒಂದೇ ದಿಕ್ಕಿನ ಸುತ್ತಿನಿಂದ ಕೀ ಪಡೆಯುವಂಥವು. ಅವಕ್ಕೆ ಸರದಿ ಹೆಚ್ಚಿಸಬೇಕು.

ಇನ್ನು ಆಯಸ್ಕಾಂತ. ಮೋಟಾರಿನೊಳಗೆ ಅದು ಇದ್ದೇ ಇರುತ್ತದೆ. ವಾಚಿನ ಹೇರ್‌ಸ್ಪ್ರಿಂಗಿಗೆ ಅದರ ಗುಣ ಅಂಟಿದರೆ ವಾಚು ವೇಗವಾಗಿ ಓಡತೊಡಗುತ್ತದೆ. ಮಗಳ ಜಾಮಿಟ್ರಿ ಪೆಟ್ಟಿಗೆಯಲ್ಲಿದ್ದ ಪುಟ್ಟ ದಿಕ್ಸೂಚಿಯನ್ನು ವಾಚಿನ ಜಾಗದಲ್ಲಿಟ್ಟು ನೋಡಿದೆ. ಮುಳ್ಳು ನಡುಗಿತು. ಡಬ್ಬಿಗೂ ಮೋಟಾರಿಗೂ ನಡುವೆ ಪಿವಿಸಿ ಪೈಪಿನ ತುಂಡು ಸೇರಿಸಿ, ಮುಳ್ಳು ಉತ್ತರಕ್ಕೆ ನೆಟ್ಟು ನಿಲ್ಲುವವರೆಗೆ ಡಬ್ಬಿಯನ್ನು ದೂರ ಸರಿಸಿದೆ.

ಈಗ ಬೀರು ತೆರೆದಾಗ ಕಾಂಚನ್ ಕೆಲವೊಮ್ಮೆ ತಲೆಕೆಳಗಾಗಿರುತ್ತದೆ, ಟೈಮರ್ ಎಲ್ಲಿ ಬಿಟ್ಟಿತೋ ಅಲ್ಲೇ. ಸೆಕೆಂಡಿನ ಮುಳ್ಳು ಮಾತ್ರ ನಡೆಯುತ್ತಿರುತ್ತದೆ.